ತಲೆ ಒಳಗೆ ಒಬ್ರು ‘ಸುಮ್ನಿರು’ ಅಂತಾನೇ ಇರ್ತಾರೆ

ಪ್ರಶ್ನೆ: ಮೇಡಂ, ನಮ್ದು ಅರಸೀಕೆರೆ ಕಡೆ ಹಳ್ಳಿ, ಎಸ್ಸೆಸ್ಸೆಲ್ಸಿವರೆಗೂ ಕನ್ನಡ ಮೀಡಿಯಂ. ಈಗ ಬೆಂಗಳೂರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಮೀಟಿಂಗಲ್ಲಿ ಬಾಯಿ ಬಿಡೋಣ ಅನ್ನೋಷ್ಟ್ರಲ್ಲಿ ‘ನಿನ್ ಇಂಗ್ಲಿಷ್ ಕೇಳಿ ಎಲ್ರೂ ನಗ್ತಾರೆ, ಸುಮ್ನಿರು’ ಅಂತ ತಲೇಲಿ ಶುರುವಾಗತ್ತೆ. ಮೊನ್ನೆ ಒಂದು ಬಗ್, ಅಂದ್ರೆ ಸಾಫ್ಟ್‌ವೇರಲ್ಲಿರೋ ತಪ್ಪು, ಮೊದ್ಲು ನಂಗೇ ಕಂಡಿತ್ತು, ಹೇಳ್ಲಿಲ್ಲ, ಇನ್ಯಾರೋ ಹೇಳಿ ಶಭಾಷ್ ಅನ್ನಿಸ್ಕೊಂಡ್ರು. ಒಂದು ವಿಡಿಯೋ ನೋಡಿ ದಿನಾ ಕನ್ನಡಿ ಮುಂದೆ ‘ನಾನು ಗ್ರೇಟ್’ ಅಂತ ಹೇಳ್ಕೊಂಡೂ ನೋಡಿದೆ, ಹೇಳುವಾಗ್ಲೇ ನಾಚಿಕೆ ಆಗತ್ತೆ. ಏನ್ ಮಾಡ್ಲಿ?

ಉತ್ತರ: ಮೊದ್ಲು ಆ ಕನ್ನಡಿ ಸಹವಾಸ ಬಿಡಿ. ಕೆನಡಾದ ಮನೋವಿಜ್ಞಾನಿ ಜೋಆನ್ ವುಡ್ ಮತ್ತವರ ಜೊತೆಯವ್ರು 2009ರಲ್ಲಿ ಇದನ್ನೇ ಪರೀಕ್ಷೆ ಮಾಡಿದ್ರು, ತಮ್ಮ ಬಗ್ಗೆ ಮೊದ್ಲೇ ಕೀಳಾಗಿ ಅಂದ್ಕೊಂಡಿದ್ದವ್ರು ಇಂಥ ಹೊಗಳಿಕೆ ಮಾತು ಹೇಳ್ಕೊಂಡಾಗ ಅವರ ಮನಸ್ಸು ಇನ್ನೂ ಕುಗ್ಗಿತ್ತು. ಒಳಗೆ ಒಂದು ಇರುತ್ತೆ, ಬಾಯಲ್ಲಿ ಇನ್ನೊಂದು ಹೇಳಿದ್ರೆ ಮನಸ್ಸು ನಂಬತ್ತಾ ಹೇಳಿ? (ಈ ವಿಡಿಯೋದವ್ರಿಗೆ ಇದನ್ನ ಯಾರಾದ್ರೂ ತಿಳಿಸ್ಬೇಕು.)

ಹೊಗಳ್ಕೊಳ್ಳೋ ಬದ್ಲು ತಲೇಲಿ ಬರೋ ಆ ‘ಸುಮ್ನಿರು’ ಮಾತನ್ನೇ ವಿಚಾರಣೆ ಮಾಡಿ. 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್, ಖಿನ್ನತೆಯಿಂದ ನರಳೋರ ತಲೇಲಿ ಇಂಥ ಮಾತು ತಾನಾಗೇ ಓಡ್ತಿರತ್ತೆ, ಅವ್ರು ಅದನ್ನ ಪ್ರಶ್ನೆ ಮಾಡದೇ ನಿಜ ಅಂತ ನಂಬ್ಬಿಡ್ತಾರೆ ಅಂತ ಗಮನಿಸಿದ್ರು, ಯೋಚನೆ, ನಡವಳಿಕೆ ಬದಲಾಯಿಸ್ಕೊಳ್ಳೋಕೆ ಮಾತಿನ ಮೂಲಕ ಕೊಡೋ ಇವತ್ತಿನ ಸಿಬಿಟಿ ಚಿಕಿತ್ಸೆ ಬೆಳೆದಿದ್ದು ಅಲ್ಲಿಂದ. ನಿಮ್ಗಂತೂ ಇದು ಸುಲಭ ಆಗ್ಬೇಕು. ಬಗ್ ರಿಪೋರ್ಟಲ್ಲಿ ‘ಈ ಆ್ಯಪ್ ವೇಸ್ಟ್’ ಅಂತ ಬರೀತೀರಾ? ಇಲ್ವಲ್ಲ, ಯಾವ ಸ್ಕ್ರೀನು, ಏನ್ ಒತ್ತಿದ್ರಿ, ಏನಾಗ್ಬೇಕಿತ್ತು, ಏನಾಯ್ತು ಅಂತ ತಾನೇ ಬರೆಯೋದು? ನಿಮ್ಮ ವಿಷ್ಯದಲ್ಲೂ ಹಂಗೇ ಮಾಡಿ. ಮೀಟಿಂಗಿಗೆ ಮುಂಚೆ ತಲೆ ಏನ್ ಹೇಳ್ತು ಅಂತ ಅದರದ್ದೇ ಮಾತಲ್ಲಿ ಬರ್ಕೊಳ್ಳಿ, ‘ಎಲ್ರೂ ನಗ್ತಾರೆ’. ಮುಗಿದ್ಮೇಲೆ ಪಕ್ಕದಲ್ಲಿ ನಿಜವಾಗಿ ಆಗಿದ್ದು ಬರೀರಿ. ಒಬ್ಬ ನಕ್ಕೇಬಿಟ್ಟ ಅಂತಿಟ್ಕೊಳ್ಳಿ, ಅದನ್ನೂ ಬರೀರಿ, ಆದ್ರೆ ಒಬ್ಬ ಅಂತಾನೇ ಬರೀರಿ. ಮನಸ್ಸಲ್ಲೇ ಮಾಡ್ತೀನಿ ಅಂದ್ರೆ ಆಗಲ್ಲ, ತಲೆ ತನಗೆ ಬೇಕಾದಂಗೆ ತಿದ್ಕೊಂಡ್ಬಿಡತ್ತೆ.

ಇಂಗ್ಲಿಷ್ ನಿಜಕ್ಕೂ ತಡವರಿಸ್ತಾ ಇರ್ಬಹುದು, ಅದು ಬೇರೆ ಲೆಕ್ಕ. ಮಾತಾಡ್ತಾ ಮಾತಾಡ್ತಾನೇ ಬರೋದು ಅದು.

ಆದ್ರೆ ಎರಡು ವಾರಕ್ಕಿಂತ ಹೆಚ್ಚು ದಿನ ನಿದ್ದೆ ಊಟ ಸರಿಯಿಲ್ಲ, ಯಾವುದ್ರಲ್ಲೂ ಆಸಕ್ತಿ ಇಲ್ಲ ಅಂತಾದ್ರೆ ನೋಟ್‌ಬುಕ್ ನಂಬ್ಕೊಂಡು ಕೂರ್ಬೇಡಿ, ಡಾಕ್ಟ್ರನ್ನ ನೋಡಿ. ಸಾಯ್ಬೇಕು ಅನ್ನೋ ಯೋಚನೆ ಬಂದ್ರಂತೂ ಅವತ್ತೇ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಲ್ಲಾದ್ರೂ ಫೋನ್ ಮಾಡ್ಬಹುದು, ದುಡ್ಡು ಕೊಡ್ಬೇಕಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.

ಮುಂದಿನ ಮೀಟಿಂಗಲ್ಲಿ ಭಾಷಣ ಏನೂ ಬೇಡ. ಯಾವ ಸ್ಕ್ರೀನು, ಏನ್ ತಪ್ಪು, ಎರಡೇ ವಾಕ್ಯ, ಮೊದ್ಲೇ ಬರ್ಕೊಂಡು ಹೋಗಿ ಓದಿದ್ರೂ ಯಾರೇನೂ ಅನ್ನಲ್ಲ.