ಆರ್ಗ್ಯಾನಿಕ್ ಕೆಮಿಸ್ಟ್ರಿ ಬಿಟ್ಟರೆ ಮೆಡಿಕಲ್ ಸೀಟು ತಪ್ಪುತ್ತಾ?

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಮಗಳು ಕಾಲೇಜಿನ ಎರಡನೇ ವರ್ಷ, ಪ್ರಿ-ಮೆಡ್, ಅಂದರೆ ಮುಂದೆ ಮೆಡಿಕಲ್ ಸೇರಲು ತಯಾರಿ. ಆರ್ಗ್ಯಾನಿಕ್ ಕೆಮಿಸ್ಟ್ರಿಯ ಎರಡು ಮಿಡ್‌ಟರ್ಮಿನಲ್ಲಿ 41, 48 ಬಂದಿದೆ. ಕೋರ್ಸ್ ಬಿಡ್ತೀನಿ, ಗ್ರೇಡಿನ ಜಾಗದಲ್ಲಿ ಬರೀ ‘ಡಬ್ಲ್ಯು’ (ವಿತ್‌ಡ್ರಾ, ಮಧ್ಯದಲ್ಲೇ ಬಿಟ್ಟಿದ್ದು) ಅಂತ ಬರುತ್ತೆ ಅನ್ನುತ್ತಾಳೆ. ಅವರಪ್ಪ, ಹೇಗಾದರೂ ಪಾಸಾಗು, ಬೇಕಿದ್ದರೆ ಆಮೇಲೆ ಇನ್ನೊಮ್ಮೆ ಮಾಡಿದರಾಯಿತು ಅನ್ನುತ್ತಾರೆ. ಬಿಡಲು ಮುಂದಿನ ಶುಕ್ರವಾರ ಕೊನೇ ದಿನ. ಏನು ಮಾಡಲಿ ಮೇಡಂ?

ಉತ್ತರ: ನಿಮ್ಮ ಯಜಮಾನರ ಮಾತು ನಮ್ಮೂರ ಲೆಕ್ಕಕ್ಕೆ ಸರಿ. ಅಲ್ಲಿ ಸಪ್ಲಿಮೆಂಟರಿ ಬರೆದು ಪಾಸಾದರೆ ಹಳೇ ಅಂಕ ಯಾರೂ ಕೇಳುವುದಿಲ್ಲ. ಅಮೆರಿಕದಲ್ಲಿ ಹಾಗಲ್ಲ. ಇಲ್ಲಿ ಡಾಕ್ಟರ್ ಆಗುವ ಮೊದಲ ಪದವಿಯೇ ಎಂ.ಡಿ.; ಬಹುಪಾಲು ಎಂ.ಡಿ. ಕಾಲೇಜುಗಳಿಗೆ ಅರ್ಜಿ ಹೋಗುವುದು ಆಮ್‌ಕಾಸ್ ಎಂಬ ಒಂದೇ ಅರ್ಜಿ ವ್ಯವಸ್ಥೆಯ ಮೂಲಕ. ಕೋರ್ಸನ್ನು ಮತ್ತೆ ಮಾಡಿದರೂ ಆಮ್‌ಕಾಸ್ ಹಳೇ ಗ್ರೇಡನ್ನು ಅಳಿಸುವುದಿಲ್ಲ, ನಿಮ್ಮ ಕಾಲೇಜೇ ಅದನ್ನು ಕೈಬಿಟ್ಟಿದ್ದರೂ ಎರಡನ್ನೂ ಸೇರಿಸಿಯೇ ಜಿಪಿಎ, ಅಂದರೆ ಗ್ರೇಡುಗಳ ಸರಾಸರಿ (‘ಎ’ಗೆ 4, ‘ಡಿ’ಗೆ 1), ತೆಗೆಯುತ್ತದೆ. ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್, ಮ್ಯಾತ್ಸ್ ಸೇರಿಸಿ ಸೈನ್ಸ್ ಜಿಪಿಎ ಅಂತ ಬೇರೆಯೇ ತೋರಿಸುತ್ತದೆ. ಪೆಟ್ಟು ಬೀಳುವುದು ಅಲ್ಲಿ.

ಮಗಳು ಇಲ್ಲಿಯವರೆಗೆ 24 ಕ್ರೆಡಿಟ್ ಸೈನ್ಸ್ ಮಾಡಿದ್ದಾಳೆ, ಜಿಪಿಎ 3.5 ಅಂದುಕೊಳ್ಳಿ. ಈ 4 ಕ್ರೆಡಿಟ್ ಕೋರ್ಸಿನಲ್ಲಿ ‘ಡಿ’ ಬಂದರೆ ಅದು 3.14ಕ್ಕೆ ಇಳಿಯುತ್ತದೆ. ಆಮೇಲೆ ಕಷ್ಟಪಟ್ಟು ‘ಎ’ ತೆಗೆದರೂ 3.25. ಈಗ ಬಿಟ್ಟು, ಮುಂದೆ ಅದೇ ‘ಎ’ ತೆಗೆದರೆ? 3.57. ‘ಡಬ್ಲ್ಯು’ ಕಾಣುತ್ತದೆ ನಿಜ, ಅರ್ಜಿಯಲ್ಲಿ ಬರೆಯಲೂ ಬೇಕು, ಆದರೆ ಜಿಪಿಎಯಲ್ಲಿ ಸೇರುವುದಿಲ್ಲ. ಒಂದೇ ಒಂದು ‘ಡಬ್ಲ್ಯು’ಗೆ ಹೆದರಬೇಡಿ. ಸೆಮಿಸ್ಟರಿಗೊಂದು ಅಂತ ಸಾಲುಗಟ್ಟಿದರೆ ಮಾತ್ರ ಕಷ್ಟ.

ಆದರೂ ಇವತ್ತೇ ಬಿಡಬೇಡಿ. ಮೊದಲು ಕ್ಲಾಸಿನ ಸರಾಸರಿ ಎಷ್ಟು ಅಂತ ಕೇಳಲಿ. ಈ ವಿಷಯದಲ್ಲಿ ಎಷ್ಟೋ ಪ್ರೊಫೆಸರುಗಳು ಕರ್ವ್ ಹಾಕುತ್ತಾರೆ, ಅಂದರೆ ಕ್ಲಾಸಿನ ಸರಾಸರಿ ನೋಡಿ ಗ್ರೇಡ್ ಕೊಡುತ್ತಾರೆ. ಸರಾಸರಿಯೇ 46 ಇದ್ದರೆ ನಿಮ್ಮ ಹುಡುಗಿ ನಡುವಿನಲ್ಲಿದ್ದಾಳೆ, ಬಿಡುವ ಮಾತೇ ಬೇಡ. ಕರ್ವ್ ಇಲ್ಲವಾದರೆ ಸಿಲಬಸ್ ತೆಗೆದು ಕೂಡಿ ನೋಡಲಿ. ಮಿಡ್‌ಟರ್ಮ್ ತಲಾ 20, ಕ್ವಿಜ್ 20, ಫೈನಲ್ 40 ಅಂತಿದ್ದು ಕ್ವಿಜ್‌ನಲ್ಲಿ 80 ಪರ್ಸೆಂಟ್ ಬಂದಿದ್ದರೂ, ಒಟ್ಟು 70 ದಾಟಲು ಫೈನಲ್‌ನಲ್ಲಿ 90ಕ್ಕಿಂತ ಜಾಸ್ತಿ ಬೇಕು. ಎರಡು ಸಲವೂ 50 ದಾಟದವಳಿಗೆ ಅದು ಆಗುತ್ತಾ? ಅವಳನ್ನೇ ಕೇಳಿ, ಅವಳಿಗೆ ಗೊತ್ತಿರುತ್ತದೆ.

ಇನ್ನೊಂದು, ಇದನ್ನು ತುಂಬಾ ಜನ ಮರೆಯುತ್ತಾರೆ. ಈ ಸೆಮಿಸ್ಟರಿನಲ್ಲಿ ಅವಳು 15 ಕ್ರೆಡಿಟ್ ತೆಗೆದುಕೊಂಡಿದ್ದರೆ ಬಿಟ್ಟ ಮೇಲೆ ಉಳಿಯುವುದು 11. ಫುಲ್‌ಟೈಮ್ ಅನ್ನಿಸಿಕೊಳ್ಳಲು 12 ಬೇಕು. ಸ್ಕಾಲರ್‌ಶಿಪ್, ಫೈನಾನ್ಶಿಯಲ್ ಏಡ್‌ಗೆ ತೊಂದರೆ ಆಗಬಹುದು, ಮೊದಲೇ ಆ ಆಫೀಸಿನಲ್ಲಿ ಕೇಳಿ. ಎಫ್-1 ಸ್ಟೂಡೆಂಟ್ ವೀಸಾದ ಮಕ್ಕಳಾದರೆ ಇಂಟರ್‌ನ್ಯಾಷನಲ್ ಆಫೀಸಿನ ಒಪ್ಪಿಗೆ ಇಲ್ಲದೆ ಮುಟ್ಟಲೇಬಾರದು. ಸೆಮಿಸ್ಟರ್ ಅರ್ಧದಲ್ಲಿ ಶುರುವಾಗುವ ಒಂದು ಕ್ರೆಡಿಟ್ ಕ್ಲಾಸ್ ಕೆಲವು ಕಡೆ ಸಿಗುತ್ತದೆ, ಅದನ್ನೂ ವಿಚಾರಿಸಿ. ಬಿಟ್ಟರೆ ಆರ್ಗ್ಯಾನಿಕ್ ಎರಡನೇ ಭಾಗ, ಬಯೋಕೆಮಿಸ್ಟ್ರಿ, ಎಂಕ್ಯಾಟ್ (ಮೆಡಿಕಲ್ ಪ್ರವೇಶ ಪರೀಕ್ಷೆ) ಎಲ್ಲವೂ ಮುಂದಕ್ಕೆ ಹೋಗುತ್ತವೆ. ಒಂದು ವರ್ಷ ತಡವಾಗಬಹುದು. ಆಗಲಿ ಬಿಡಿ, ಇಲ್ಲಿ ಗ್ಯಾಪ್ ಇಯರ್ ಮಾಮೂಲು.

ಹೀಗೇ ಒಬ್ಬಳು ಹುಡುಗಿ ನನ್ನ ಮುಂದೆ ಪೇಪರ್ ಬಿಚ್ಚಿಟ್ಟಿದ್ದಳು. ರಿಯಾಕ್ಷನ್ ಎಲ್ಲಾ ಬಾಯಿಪಾಠ, ಆದರೆ ಎಲೆಕ್ಟ್ರಾನ್ ಹೋಗುವ ದಾರಿ ತೋರಿಸುವ ಬಾಣಗಳೆಲ್ಲ ಉಲ್ಟಾ. ಅದು ಎಲ್ಲಿಂದ ಹೊರಡುತ್ತದೆ ಅನ್ನುವುದೇ ಅವಳ ತಲೆಗೆ ಹತ್ತಿರಲಿಲ್ಲ, ಪಾಪ. ‘ಡಬ್ಲ್ಯು’ ತೆಗೆದುಕೊಂಡಳು, ಪ್ರೊಫೆಸರನ್ನು ಕೇಳಿ ಉಳಿದ ವಾರಗಳೂ ಹಿಂದಿನ ಬೆಂಚಿನಲ್ಲಿ ಕೂತು ಪಾಠ ಕೇಳಿದಳು. ಮುಂದಿನ ಸಲ ಎ-ಮೈನಸ್ ಬಂತು.

ಹಾಗಾಗಿ ಸೋಮವಾರವೇ ಎರಡೂ ಉತ್ತರಪತ್ರಿಕೆ ಹಿಡಿದು ಪ್ರೊಫೆಸರ್ ಹತ್ತಿರ ಹೋಗಲಿ. ಬಿಡುವುದೇ ಆದರೆ ಅಡ್ವೈಸರ್ ಸಹಿ ಬೇಕಾ, ಫಾರ್ಮ್ ಎಷ್ಟು ಗಂಟೆಯೊಳಗೆ ಕೊಡಬೇಕು ಅಂತ ಮಂಗಳವಾರವೇ ಕೇಳಿಟ್ಟುಕೊಳ್ಳಲಿ, ಶುಕ್ರವಾರದ ತನಕ ಕಾಯಬೇಡಿ.