ಲ್ಯುಷಿಯ ನಿಯಮ ಕಟ್ಟಿದ್ದು ದು ಫು ಅಲ್ಲ

‘ಲ್ಯುಷಿ’ ಎಂಬ ಎಂಟು ಸಾಲಿನ ಚೀನೀ ಕಾವ್ಯಪ್ರಕಾರವನ್ನು ಕವಿ ದು ಫು (712–770) ಹುಟ್ಟುಹಾಕಿದನೇ ಅಂತ ಕೇಳಿದ್ದೀರಿ. ಇಲ್ಲ, ಅವನ ಕೈಗೆ ಬರುವಷ್ಟರಲ್ಲಿ ಅಚ್ಚು ಸಿದ್ಧವಾಗಿತ್ತು.

ಬೇರು ಅವನಿಗಿಂತ ಇನ್ನೂರು ವರ್ಷ ಹಿಂದಿದೆ. ಐದನೇ ಶತಮಾನದ ಕೊನೆಯಲ್ಲಿ ಕವಿ ಶೆನ್ ಯುವೆ ಮತ್ತು ಅವನ ಗೆಳೆಯರು ಚೀನೀ ಮಾತಿನ ನಾಲ್ಕು ಸ್ವರಗಳನ್ನು (ಅ, ಆ ಅಲ್ಲ; ಪದ ಉಚ್ಚರಿಸುವ ಧಾಟಿ, ಅಂದರೆ ಟೋನ್) ಗುರುತಿಸಿ, ಕವಿತೆಯಲ್ಲಿ ಅವು ಹೇಗೆ ಬರಬಾರದು ಎಂದು ಚರ್ಚಿಸತೊಡಗಿದರು. ಇದಕ್ಕೆ ಬೌದ್ಧರ ಮೂಲಕ ಬಂದ ಸಂಸ್ಕೃತ ಛಂದಸ್ಸಿನ ಪ್ರೇರಣೆಯಿತ್ತು ಎಂದು ಕೆಲವು ವಿದ್ವಾಂಸರು ವಾದಿಸುತ್ತಾರೆ. ಆಮೇಲೆ ನಾಲ್ಕು ಸ್ವರಗಳು ‘ಸಮ’, ‘ವಕ್ರ’ ಎಂಬ ಎರಡೇ ಗುಂಪಾದವು. ನಮ್ಮ ಗುರು-ಲಘು ನೆನಪಾಗುತ್ತದೆ, ಆದರೆ ಇಲ್ಲಿ ಅಳೆಯುವುದು ಧ್ವನಿಯ ಏರಿಳಿತವನ್ನು. ಏಳನೇ ಶತಮಾನದ ಕೊನೆಗೆ ಕವಿಗಳಾದ ಶೆನ್ ಚುವಾನ್‌ಚಿ, ಸೋಂಗ್ ಝಿವೆನ್ ಲ್ಯುಷಿಯ ನಿಯಮಗಳನ್ನು ಗಟ್ಟಿಗೊಳಿಸಿದರು: ಸಾಲಿಗೆ ಐದು ಅಥವಾ ಏಳು ಅಕ್ಷರ, ನಡುವಿನ ಎರಡು ಜೋಡಿಸಾಲುಗಳಲ್ಲಿ ಪದಕ್ಕೆ ಪದ ಸರಿಜೋಡಿ.

ದು ಫು ಮಾಡಿದ್ದು ಬೇರೆ. ಆಸ್ಥಾನದ ಔತಣಗಳಲ್ಲಿ ಮೆರೆಯುತ್ತಿದ್ದ ಈ ಅಚ್ಚಿಗೆ ಯುದ್ಧ, ಮುಪ್ಪು, ಊರು ಬಿಟ್ಟ ಸಂಕಟ ತುಂಬಿದ. 766ರ ಸುಮಾರಿಗೆ ಬರೆದ ಶರತ್ಕಾಲದ ಎಂಟು ಕವಿತೆಗಳನ್ನು ಓದಿ ನೋಡಿ.

ಅಂದಹಾಗೆ, ಇಂದಿನ ಮ್ಯಾಂಡರಿನ್‌ನಲ್ಲಿ ಓದಿದರೆ ಕೆಲವೆಡೆ ನಿಯಮ ತಪ್ಪಿದಂತೆ ಕೇಳುತ್ತದೆ. ಹಳೆಯ ನಾಲ್ಕನೇ ಸ್ವರ ಅದರಲ್ಲಿ ಅಳಿದುಹೋಗಿದೆ. ದಕ್ಷಿಣ ಚೀನಾದ ಕ್ಯಾಂಟನೀಸ್‌ನಲ್ಲಿ ಅದರ ಗುರುತು ಉಳಿದಿದೆ.