ಹೃದಯದ ಪಾಠವನ್ನು ನಾಡಿಯಿಂದ ಶುರು ಮಾಡಿ

ನಮಸ್ಕಾರ ಮೇಡಂ. ಒಂಬತ್ತನೇ ತರಗತಿಗೆ ಹೃದಯಾಘಾತದ ಬಗ್ಗೆ ಹೆದರಿಸದೆ ಒಂದೇ ಪೀರಿಯಡ್‌ನಲ್ಲಿ ಹೇಗೆ ಹೇಳಿಕೊಡುವುದು ಎಂದು ಕೇಳಿದ್ದೀರಿ.

ಚಾರ್ಟ್ ಆಮೇಲಿರಲಿ. ಮೊದಲು ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡದ ಕೆಳಗೆ ಎರಡು ಬೆರಳಿಟ್ಟು 30 ಸೆಕೆಂಡ್ ನಾಡಿ ಎಣಿಸಿ, ಎರಡರಿಂದ ಗುಣಿಸಲಿ. ಎರಡು ನಿಮಿಷ ನಿಂತಲ್ಲೇ ಓಡಿ ಮತ್ತೆ ಎಣಿಸಲಿ. (ಹೃದಯದ ತೊಂದರೆ, ಆಸ್ತಮಾ ಇರುವ ಮಕ್ಕಳು ಯಾರೆಂದು ಮೊದಲೇ ವಿಚಾರಿಸಿಕೊಳ್ಳಿ, ಅವರು ಲೆಕ್ಕ ಬರೆಯಲಿ.) ಯಾಕೆ ಜಾಸ್ತಿಯಾಯ್ತು ಅಂತ ಅವರೇ ಕೇಳುತ್ತಾರೆ. ಆಗ ಹೃದಯಕ್ಕೇ ರಕ್ತ ಒದಗಿಸುವ ಕರೋನರಿ ರಕ್ತನಾಳಗಳ ವಿಷಯ ತೆಗೆಯಿರಿ. ಅವುಗಳ ಗೋಡೆಯಲ್ಲಿ ಕೊಬ್ಬು ಸೇರಿ ರಕ್ತದ ದಾರಿ ಕಟ್ಟಿದರೆ ಹೃದಯಾಘಾತ. ಹೀಗೆ ಕೊಬ್ಬು ಸೇರುವುದು ಎಳೆಯ ವಯಸ್ಸಿನಲ್ಲೇ ಶುರುವಾಗಬಹುದು. ಹಾಗಾಗಿ ಗುಟ್ಕಾ, ಸಿಗರೇಟಿನಿಂದ ದೂರವಿರುವುದು, ದಿನಾ ಮೈದಾನದಲ್ಲಿ ಆಡುವುದು ಅವರ ಈಗಿನ ಕೆಲಸವೇ.

ಉಪ್ಪು ಜಾಸ್ತಿಯಾದರೆ ರಕ್ತದೊತ್ತಡ ಏರಿ ಹೃದಯಕ್ಕೆ ಹೊರೆ, ಹಾಗಾಗಿ ಒಂದು ಟೀ ಚಮಚ ಉಪ್ಪನ್ನೂ ತಂದು ತೋರಿಸಿ. ಸುಮಾರು 5 ಗ್ರಾಂ. ದೊಡ್ಡವರಿಗೂ ಇಡೀ ದಿನಕ್ಕೆ ಇದಕ್ಕಿಂತ ಕಡಿಮೆ ಸಾಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಉಪ್ಪಿನಕಾಯಿ, ಹಪ್ಪಳ, ಚಿಪ್ಸ್ ಎಲ್ಲ ಸೇರಿ.

ಸಂಧಿವಾತ ಜ್ವರವನ್ನು (ರುಮ್ಯಾಟಿಕ್ ಫೀವರ್) ಮಾತ್ರ ದಯವಿಟ್ಟು ಬಿಡಬೇಡಿ, ಅದು ಇದೇ ವಯಸ್ಸಿನವರ ಕಾಯಿಲೆ. ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾ ಸೋಂಕಿನ ಗಂಟಲುನೋವನ್ನು ಅಲಕ್ಷಿಸಿದರೆ ಕೆಲವರಲ್ಲಿ ಎರಡು ಮೂರು ವಾರದ ನಂತರ ಕೀಲು ಊದಿಕೊಂಡು ಜ್ವರ ಬರುತ್ತದೆ, ಹೃದಯದ ಕವಾಟಕ್ಕೆ ಶಾಶ್ವತ ಹಾನಿಯಾಗಬಹುದು. ಗಂಟಲುನೋವಿನ ಜೊತೆ ಜ್ವರವಿದ್ದರೆ ವೈದ್ಯರಿಗೆ ತೋರಿಸಬೇಕು, ಆ್ಯಂಟಿಬಯೋಟಿಕ್ ಕೊಟ್ಟರೆ ಅರ್ಧಕ್ಕೆ ನಿಲ್ಲಿಸಬಾರದು.

ಮನೆಗೆ ಒಯ್ಯಲು ಒಂದು ಮಾತು ಬರೆಸಿ: ಹೃದಯಾಘಾತದ ಸೂಚನೆಗಳಾದ ಎದೆ ಬಿಗಿತ, ತಣ್ಣನೆ ಬೆವರು, ತೋಳಿಗೋ ದವಡೆಗೋ ಹರಡುವ ನೋವು ಕಂಡರೆ ‘ಗ್ಯಾಸ್ಟ್ರಿಕ್ ಇರಬೇಕು’ ಅಂತ ಕಾಯದೆ ತಕ್ಷಣ 108ಕ್ಕೆ ಫೋನ್ ಮಾಡುವುದು.